ನೆರಡಿಯ ಬೀಜಕ: ಪತ್ತೆ ಪ್ರಯೋಗಶಾಲೆಯಲ್ಲಿ, ತಡೆ ಕೊಟ್ಟಿಗೆಯಲ್ಲಿ



ತೋಟಕ್ಕೆ ಗೊಬ್ಬರ ಬೇಕು, ಗೊಬ್ಬರಕ್ಕೆ ದನ ಬೇಕು. ಮೂಡಲಗಿಯ ದನದ ಸಂತೆಯಲ್ಲಿ ಕೊಂಡ ಎತ್ತಾಗಲಿ, ಗೋಕಾಕ, ಹುಕ್ಕೇರಿ ಕಡೆಯ ಎಮ್ಮೆಯಾಗಲಿ, ಮಲೆನಾಡಿನ ಕೊಟ್ಟಿಗೆಯ ಹಸುವಾಗಲಿ, ಸಂಜೆ ಮೇವು ತಿಂದದ್ದು ಬೆಳಿಗ್ಗೆ ಸತ್ತು ಬಿದ್ದು, ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದರೆ ಮೊದಲು ಶಂಕಿಸಬೇಕಾದದ್ದು ನೆರಡಿ ರೋಗವನ್ನು, ಅಂದರೆ ಆಂಥ್ರಾಕ್ಸನ್ನು.

ಈ ರೋಗಾಣು ದನದ ಮೈಯೊಳಗೆ ಇರುವವರೆಗೆ ದುರ್ಬಲ. ಹೆಣವನ್ನು ಕೊಯ್ಯದಿದ್ದರೆ ಕೊಳೆಯುವಾಗ ಕೆಲವೇ ದಿನಗಳಲ್ಲಿ ಬಹುಪಾಲು ನಾಶವಾಗುತ್ತದೆ. ಗಾಳಿ ತಗುಲಿತೋ, ಗಟ್ಟಿ ಕವಚ ತೊಟ್ಟು ಸ್ಪೋರ್ ಎಂಬ ಬೀಜಕವಾಗುತ್ತದೆ. ಮಣ್ಣಿನಲ್ಲಿ ದಶಕಗಳ ಕಾಲ ಉಳಿಯುತ್ತದೆ. ಸ್ಕಾಟ್ಲೆಂಡಿನ ಗ್ರೂನಾರ್ಡ್ ದ್ವೀಪದಲ್ಲಿ 1942ರ ಯುದ್ಧಪ್ರಯೋಗದಲ್ಲಿ ಹರಡಿದ ಬೀಜಕಗಳನ್ನು ಕೊಲ್ಲಲು 1986ರಲ್ಲಿ ನೆಲಕ್ಕೆ ಫಾರ್ಮಾಲ್ಡಿಹೈಡ್ ಸುರಿಯಬೇಕಾಯಿತು!

ಬೀಜಕವನ್ನು ಗುರುತಿಸುವುದು ಹೇಗೆ? ಹಳೆಯ ವಿಧಾನ ಬಣ್ಣದ್ದು. ಮ್ಯಾಲಕೈಟ್ ಗ್ರೀನ್ ಹಾಕಿ ಬಿಸಿ ಮಾಡಿ, ತೊಳೆದು, ಸ್ಯಾಫ್ರನಿನ್ ಹಾಕಿದರೆ ಸೂಕ್ಷ್ಮದರ್ಶಕದಲ್ಲಿ ಬೀಜಕ ಹಸಿರಾಗಿ, ಉಳಿದದ್ದು ಕೆಂಪಾಗಿ ಕಾಣುತ್ತದೆ. ಹೊಸ ವಿಧಾನ ಬೀಜಕದೊಳಗಿನ ಡೈಪಿಕೋಲಿನಿಕ್ ಆಮ್ಲವನ್ನು ಹುಡುಕುತ್ತದೆ. ಬೀಜಕದ ಒಣ ತೂಕದಲ್ಲಿ ಇದು ಶೇಕಡ 5ರಿಂದ 15ರಷ್ಟು. ಅದನ್ನು ಹೊರತೆಗೆದು ಟರ್ಬಿಯಂ ಲವಣ ಬೆರೆಸಿ ಅತಿನೇರಳೆ ಬೆಳಕಿನಲ್ಲಿ ಹಿಡಿದರೆ ಹಸಿರಾಗಿ ಹೊಳೆಯುತ್ತದೆ. ಕೆಲವೇ ನಿಮಿಷಗಳ ಕೆಲಸ.

ಆದರೆ ಹೊಳೆದದ್ದೆಲ್ಲ ನೆರಡಿಯಲ್ಲ. ಸಗಣಿ, ಮಣ್ಣಿನಲ್ಲಿರುವ ನಿರುಪದ್ರವಿ ಬೀಜಕಗಳಲ್ಲೂ ಇದೇ ಆಮ್ಲವಿದೆ. ಆದ್ದರಿಂದ ರೋಗಾಣುವನ್ನು ಬೆಳೆಸಿ ನೋಡುವ ಅಥವಾ ಪಿಸಿಆರ್ ಪರೀಕ್ಷೆ ಬೇಕೇ ಬೇಕು. ಆಗತಾನೆ ಸತ್ತ ದನದಲ್ಲಾದರೆ ಪಶುವೈದ್ಯರು ಕಿವಿಯ ರಕ್ತದ ಒಂದು ಹನಿಯನ್ನು ಗಾಜಿನ ಮೇಲೆ ಸವರಿ, ಮೆಥಿಲೀನ್ ಬ್ಲೂ ಬಣ್ಣ ಹಾಕಿ ನೋಡುತ್ತಾರೆ: ನೀಲಿ ಕಡ್ಡಿ, ಸುತ್ತ ನಸುಗೆಂಪು ಪೊರೆ.

ಪತ್ತೆ ಅವರ ಕೆಲಸ. ಬೀಜಕ ಹುಟ್ಟದಂತೆ ನೋಡುವುದು ನಮ್ಮದು. ಆದ್ದರಿಂದ,

1. ಶಂಕೆಯಿದ್ದ ಹೆಣವನ್ನು ಕೊಯ್ಯಬೇಡಿರಿ, ಚರ್ಮ ಸುಲಿಯಬೇಡಿರಿ, ಮಾಂಸ ತಿನ್ನಬೇಡಿರಿ. ಮಾದರಿಯನ್ನು ನೀವೇ ತೆಗೆಯಬೇಡಿರಿ.

2. ಕೂಡಲೇ ಪಶುವೈದ್ಯರಿಗೆ ತಿಳಿಸಿರಿ. ಅವರ ಸಮ್ಮುಖದಲ್ಲಿ ಹೆಣವನ್ನು ಸುಡಿರಿ, ಇಲ್ಲವೇ ನೀರಿನ ಮೂಲದಿಂದ ದೂರ ಆಳವಾಗಿ ಹೂಳಿರಿ.

3. ಹೆಣ ಮುಟ್ಟಿದವರ ಮೈಮೇಲೆ ಕಪ್ಪು ನಡುವಿನ ಹುಣ್ಣು ಎದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿರಿ. ಬೇಗ ಔಷಧಿ ಕೊಟ್ಟರೆ ಗುಣವಾಗುತ್ತದೆ.

4. ರೋಗ ಕಂಡ ಪ್ರದೇಶದಲ್ಲಿ ವರ್ಷಕ್ಕೊಮ್ಮೆ ಲಸಿಕೆ ಹಾಕಿಸಿರಿ. ಬೆಂಗಳೂರಿನ ಹೆಬ್ಬಾಳದ ಸಂಸ್ಥೆಯಲ್ಲಿ ಅದು ತಯಾರಾಗುತ್ತದೆ.

5. ತೋಟಕ್ಕೆ ಎಲುಬಿನ ಪುಡಿ ಕೊಳ್ಳುವಾಗ ಆವಿಯಲ್ಲಿ ಬೇಯಿಸಿದ್ದನ್ನೇ ಕೇಳಿರಿ.

ಸತ್ತ ದನದ ಚರ್ಮದ ನಾಲ್ಕು ಕಾಸಿಗೆ ಆಸೆಪಟ್ಟರೆ ಮಕ್ಕಳ ಕಾಲದವರೆಗೂ ಹಿತ್ತಿಲ ಮಣ್ಣಿನಲ್ಲಿ ರೋಗ ಉಳಿದೀತು.