ಮೈಗೆ ಒಗ್ಗದ ಮದ್ದು

ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರಗಳ ಸೀಮೆಯಲ್ಲಿ ಯಾವುದಾದರೊಂದು ಪದಾರ್ಥವು ಒಬ್ಬರ ಮೈಗೆ ಒಗ್ಗದಿದ್ದರೆ ‘ಅದು ಅವರಿಗೆ ಆಗಿಬರೂದಿಲ್ಲ’ ಎಂದು ಹೇಳುವ ವಾಡಿಕೆಯುಂಟು. ಯಾರಿಗೆ ಬದನೆಕಾಯಿ ಆಗಿಬರುವುದಿಲ್ಲ, ಯಾರಿಗೆ ಕುಂಬಳಕಾಯಿ ಆಗಿಬರುವುದಿಲ್ಲ ಎಂಬುದು ಮನೆಯ ಹಿರಿಯ ಹೆಂಗಸರಿಗೆ ಬಾಯಿಪಾಠವಾಗಿರುತ್ತದೆ. ಬೀಗರ ಮನೆಗೆ ಹೋದರೂ ಎಲೆ ಹಾಕುವ ಮೊದಲೇ ಅವರು ಅದನ್ನು ತಿಳಿಸದೆ ಬಿಡುವುದಿಲ್ಲ. ಆದರೆ ಯಾವ ಗುಳಿಗೆ ಯಾರಿಗೆ ಆಗಿಬರುವುದಿಲ್ಲವೆಂಬುದನ್ನು ಇಷ್ಟೇ ಕಟ್ಟುನಿಟ್ಟಾಗಿ ನೆನಪಿಟ್ಟ ಮನೆಗಳು ವಿರಳ. ನಮ್ಮ ಮನೆಯೂ ಅಂಥದಾಗಿರಲಿಲ್ಲ. ಅದರ ಬೆಲೆಯನ್ನು ನಮ್ಮ ತಾಯಿಯವರು ತೆತ್ತರು.

ತಾಯಿಯವರು ಹಾನಗಲ್ಲ ತಾಲೂಕಿನ ಒಂದು ಹಳ್ಳಿಯಲ್ಲಿ ಇರುತ್ತಾರೆ. ಅವರ ತವರು ಶಿಗ್ಗಾಂವದ ಕಡೆಗೆ; ಹಿರಿಯ ಮಗಳನ್ನು ಸವಣೂರಿಗೆ, ಕಿರಿಯವಳನ್ನು ಹಿರೇಕೆರೂರಿಗೆ ಕೊಟ್ಟಿದೆ. ಆದಕಾರಣ ವರ್ಷದಲ್ಲಿ ಮೂರು ನಾಲ್ಕು ತಿಂಗಳು ಅವರು ಬಂಧುಗಳ ಮನೆಯಲ್ಲಿಯೇ ಕಳೆಯುವರು. ಮೈಯಲ್ಲಿ ನೆಟ್ಟಗಿಲ್ಲದಾಗ ಆಯಾ ಊರಿನ ವೈದ್ಯರೇ ಅವರ ವೈದ್ಯರು. ಮೊದಲನೆಯ ಸಲ ಸವಣೂರಿನಲ್ಲಿ ಹೊಟ್ಟೆ ಕೆಟ್ಟು ನಾಲ್ಕು ಗುಳಿಗೆ ನುಂಗಿದರು. ಭೇದಿಯೇನೋ ನಿಂತಿತು. ಆದರೆ ಮರುದಿನ ಕೆಳದುಟಿಯ ಬಲಬದಿಗೆ ಉರಿಯೆದ್ದಿತು, ಮುಂಗೈಯ ಮೇಲೆ ರೂಪಾಯಿಯಗಲದ ಕೆಂಪು ಕಲೆಯೊಂದು ಮೂಡಿತು. ವಾರ ಹತ್ತು ದಿನಗಳಲ್ಲಿ ಕೆಂಪು ಹೋಗಿ ನೇರಳೆಹಣ್ಣಿನ ಬಣ್ಣದ ಕಪ್ಪು ಉಳಿಯಿತು. ‘ನಂಜಾಗಿದೆ’ ಎಂದರು ಬೀಗರು. ಬದನೆಕಾಯಿ ನಿಂತಿತು.

ಎಂಟು ತಿಂಗಳ ತರುವಾಯ ಹಿರೇಕೆರೂರಿನಲ್ಲಿ ಅದೇ ಬೇನೆ. ಬೇರೆ ವೈದ್ಯರು, ಬೇರೆ ಹೆಸರಿನ ಗುಳಿಗೆ. ಈ ಸಲ ಉರಿಯು ಅರ್ಧ ದಿನದೊಳಗೇ ಎದ್ದಿತು. ಅದೇ ತುಟಿ, ಅದೇ ಮುಂಗೈ, ಜೊತೆಗೆ ತೊಡೆಯ ಮೇಲೊಂದು ಹೊಸ ಕಲೆ. ಅವ್ವನ ಊಟದಿಂದ ಕುಂಬಳಕಾಯಿಯೂ ಹೋಯಿತು. ಯಾರೋ ದೃಷ್ಟಿಯನ್ನೂ ತೆಗೆದರು. ಮೂರನೆಯ ಸಲ ನಮ್ಮ ಹಳ್ಳಿಯಲ್ಲಿಯೇ, ಅಂಗಡಿಯವನು ಹಾಳೆಯಿಂದ ಕತ್ತರಿಸಿಕೊಟ್ಟ ಎರಡು ಬಿಡಿ ಗುಳಿಗೆ. ರಾತ್ರಿ ನುಂಗಿದವರಿಗೆ ಬೆಳಗಾಗುವಷ್ಟರಲ್ಲಿ ಬಾಯೊಳಗೆಲ್ಲ ಬೊಬ್ಬೆಯೆದ್ದು ಗುಟುಕು ನೀರೂ ಇಳಿಯದಾಯಿತು. ತೊಡೆಯ ಮೇಲಿನ ಚರ್ಮವು ಸುಟ್ಟ ಗಾಯದಂತೆ ಸುಲಿಯಿತು. ಆಸ್ಪತ್ರೆಗೆ ಸೇರಿಸಿದೆವು.

ಈ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿದವರು ಹೊಟ್ಟೆಯಲ್ಲಿ ಹುಟ್ಟಿದ ನಾವಾರೂ ಅಲ್ಲ. ನನ್ನ ತಮ್ಮನ ಹೆಂಡತಿ. ಹತ್ತನೆಯ ಇಯತ್ತೆಯವರೆಗೆ ಓದಿದವಳು. ಅತ್ತೆಗೆ ಎಣ್ಣೆ ಹಚ್ಚಿ ಎರೆಯುವವಳು ಅವಳೇ ಆದುದರಿಂದ ಯಾವ ಕಲೆ ಎಲ್ಲಿತ್ತೆಂಬುದು ಅವಳಿಗೆ ಗೊತ್ತು. ನಂಜು ಮೈಯಲ್ಲಿ ಎಲ್ಲಿಯಾದರೂ ಏಳಬಹುದಷ್ಟೆ. ಪ್ರತಿ ಸಲವೂ ಅದೇ ತುಟಿಯ ಅದೇ ಮೂಲೆಯನ್ನು ಹುಡುಕಿಕೊಂಡು ಏಕೆ ಬರಬೇಕು? ಹೀಗೆಂದು ಅವಳು ಇಬ್ಬರು ನಾದಿನಿಯರಿಗೂ ದೂರವಾಣಿ ಮಾಡಿ ಹಳೆಯ ಚೀಟಿ, ಖಾಲಿ ಹಾಳೆ ಏನಿದ್ದರೂ ಹುಡುಕಲು ಹೇಳಿದಳು. ಸವಣೂರಿನಲ್ಲಿ ಗೋಡೆಯ ಗೂಡಿನೊಳಗೆ ಹಾಳೆ ಸಿಕ್ಕಿತು, ಹಿರೇಕೆರೂರಿನಲ್ಲಿ ಚೀಟಿ ಸಿಕ್ಕಿತು. ಹಳ್ಳಿಯ ಅಂಗಡಿಗೆ ತಾನೇ ಹೋಗಿ, ಕತ್ತರಿಸಿ ಉಳಿದ ಹಾಳೆಯನ್ನು ಕೇಳಿ ತಂದಳು. ಮೇಲಿನ ಹೆಸರುಗಳು ಮೂರೂ ಬೇರೆ; ಒಳಗಿದ್ದ ಮದ್ದುಗಳು ಮಾತ್ರ ಮೂರರಲ್ಲಿಯೂ ಅವೇ ಎರಡು, ಓಫ್ಲಾಕ್ಸಸಿನ್ ಮತ್ತು ಓರ್ನಿಡಜೋಲ್.

ಆಸ್ಪತ್ರೆಯಲ್ಲಿ ಎರಡನೆಯ ದಿನ ಸುತ್ತಿಗೆ ಬಂದ ವೈದ್ಯರು, ಬಾಯಿಹುಣ್ಣು ಸೋಂಕಿನದೆಂದು ಭಾವಿಸಿ, ಅವೇ ಮದ್ದುಗಳನ್ನು ಸಲಾಯಿನಿನ ಮೂಲಕ ಕೊಡಲು ಬರೆಯುತ್ತಲಿದ್ದರು. ಇವಳು ಅಡ್ಡಬಂದಳು. ‘ಏನಮ್ಮಾ, ವೈದ್ಯ ನಾನೋ ನೀನೋ?’ ಎಂದು ಅವರು ಸಿಡುಕಿದರು. ಸೆರಗು ಹೊದ್ದು ನಿಂತ ಇವಳ ಉತ್ತರವನ್ನು ಅವಳ ಮಾತಿನಲ್ಲಿಯೇ ಕೊಡುತ್ತೇನೆ: ‘ಡಾಕ್ಟರ ನೀವ ಅದೀರಿ, ಸಾಹೇಬ್ರ. ಗುಳಿಗಿ ವಿದ್ಯಾ ನಿಮ್ಮದು. ಆದ್ರ ಮೂರ ಸಲ ನಮ್ಮತ್ತಿ ಮೈಯಾಗ ಏನೇನಾತು ಅನ್ನೂದನ್ನ ನಾವು ಕಣ್ಣಾರೆ ಕಂಡೇವಿ. ಇವನ್ನ ಒಮ್ಮೆ ನೋಡಿ, ಆಮ್ಯಾಲ ಬರೀರಿ.’

ವೈದ್ಯರು ನೋಡಿದರು. ಅವರ ದೊಡ್ಡಸ್ತಿಕೆಯನ್ನು ಹೇಳಲೇಬೇಕು: ಬರೆದುದನ್ನು ತಾವೇ ಹೊಡೆದುಹಾಕಿ ಚರ್ಮರೋಗದ ವೈದ್ಯರನ್ನು ಕರೆಸಿದರು. ಕೆಲವರ ಮೈಯಲ್ಲಿ ಒಂದು ಮದ್ದಿಗೆ ಎದ್ದ ಕಲೆಯು, ಅದೇ ಮದ್ದು ಪುನಃ ಹೊಟ್ಟೆಗೆ ಹೋದಾಗಲೆಲ್ಲ, ಅದೇ ಸ್ಥಳದಲ್ಲಿ ಏಳುತ್ತದೆಂದು ಅವರು ವಿವರಿಸಿದರು. ದೇಹವನ್ನು ಕಾಯುವ ಒಂದು ಬಗೆಯ ಕಣಗಳು ಮೊದಲ ಜಗಳದ ತರುವಾಯ ಆ ಚರ್ಮದಲ್ಲಿಯೇ ಠಾಣೆ ಹಾಕಿ ಕುಳಿತಿರುವುವಂತೆ. ಮದ್ದಿನ ಸುಳಿವು ಸಿಕ್ಕೊಡನೆ ಅವು ಸುತ್ತಲಿನ ಚರ್ಮದ ಮೇಲೆಯೇ ಎರಗುವುವು. ಸಲ ಸಲಕ್ಕೆ ಬೇಗನೆ ಏಳುವುದಕ್ಕೂ ಕಲೆಗಳು ಹೆಚ್ಚುವುದಕ್ಕೂ ಕಾರಣವಿದೇ. ನಾಲ್ಕನೆಯ ಸಲ ಏನಾಗುತ್ತಿತ್ತೋ ಊಹಿಸಲಾರೆ.

ವಿಯೆನ್ನಾ ನಗರದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫೋನ್ ಪಿರ್ಕೆ ಎಂಬವರು ಇಂಥ ವಿಪರೀತಗಳಿಗೆ ‘ಅಲರ್ಜಿ’ ಎಂಬ ಹೆಸರನ್ನಿಟ್ಟುದು ೧೯೦೬ರಲ್ಲಿ. ನಮ್ಮ ‘ನಂಜು’ ಎಂಬ ಶಬ್ದವು ಅದಕ್ಕಿಂತ ಬಹು ಹಳೆಯದು, ವಿಷ, ಕೀವು, ತುರಿಕೆ ಎಲ್ಲವನ್ನೂ ಒಳಗೊಳ್ಳುವಷ್ಟು ವಿಶಾಲವಾದುದು. ಅದರ ವಿಶಾಲತೆಯೇ ನಮಗೆ ಮುಳುವಾಯಿತು. ತಪ್ಪು ಮಾಡಿದ ಗುಳಿಗೆ ಉಳಿದು, ತಪ್ಪಿಲ್ಲದ ಬದನೆಕಾಯಿಗೆ ಶಿಕ್ಷೆಯಾಯಿತು.

ಗುಳಿಗೆಯ ಹಾಳೆಯ ಮೇಲೆ ಎರಡು ಹೆಸರುಗಳಿರುತ್ತವೆ: ಒಂದು ಕಂಪನಿಯು ಇಟ್ಟುದು, ಇನ್ನೊಂದು ಮದ್ದಿನ ನಿಜನಾಮ. ಮನೆಯವರು ಬರೆದಿಡತಕ್ಕದ್ದು ನಿಜನಾಮವನ್ನು. ಅದನ್ನು ಕಂಪನಿಯ ಹೆಸರಿಗಿಂತ ದೊಡ್ಡ ಅಕ್ಷರಗಳಲ್ಲಿ ಅಚ್ಚು ಹಾಕಬೇಕೆಂಬ ನಿಯಮವು ೨೦೧೮ರಲ್ಲಿ ಜಾರಿಗೆ ಬಂದಿದೆ. ಬಹಳ ಮದ್ದುಗಳನ್ನು ಕೂಡಿಸಿದ ಗುಳಿಗೆಗಳಿಗೆ ಅದು ಅನ್ವಯಿಸದು. ಕತ್ತರಿಸಿಕೊಟ್ಟ ಬಿಡಿ ಗುಳಿಗೆಯಲ್ಲಂತೂ ಯಾವ ಹೆಸರೂ ಉಳಿಯುವುದಿಲ್ಲ; ಇಡೀ ಹಾಳೆಯ ಚಿತ್ರವನ್ನಾದರೂ ಮೊಬೈಲಿನಲ್ಲಿ ತೆಗೆದುಕೊಳ್ಳದೆ ಅಂಗಡಿಯ ಮೆಟ್ಟಿಲಿಳಿಯಬಾರದು. ಹೆಸರಿನ ಜೊತೆಗೆ, ನುಂಗಿದ ಎಷ್ಟು ಹೊತ್ತಿಗೆ ಏನಾಯಿತು ಎಂಬುದನ್ನೂ ಬರೆಯಬೇಕು. ವೈದ್ಯರು ಮೊದಲು ಕೇಳುವುದು ಅದನ್ನೇ. ಸೂಜಿಮದ್ದು ಕೊಟ್ಟ ಕೆಲ ನಿಮಿಷಗಳಲ್ಲಿ ಮುಖ ಬಾತು ಉಸಿರು ಕಟ್ಟುವುದು ಒಂದು ಬಗೆ. ಅದಕ್ಕೆ ತೊಡೆಗೆ ಚುಚ್ಚುವ ಎಡ್ರಿನಲಿನ್ ಎಂಬ ಮದ್ದು ಕೂಡಲೆ ಬೇಕು. ತುರಿಕೆಯ ಗುಳಿಗೆ ನುಂಗಿಸಿ ಕಾಯುತ್ತ ಕೂಡುವಂತಿಲ್ಲ. ಮೂರ್ಛೆರೋಗದ ಕೆಲವು ಮದ್ದುಗಳು, ಗಂಧಕ ಕುಲದ ಸಲ್ಫಾ ಮದ್ದುಗಳು ಎರಡು ಮೂರು ವಾರಗಳ ತರುವಾಯವೂ ಕೈಕೊಡುವುದುಂಟು; ಜ್ವರ, ಕಣ್ಣುರಿ, ಬಾಯಿಹುಣ್ಣು, ಸುಲಿಯುವ ಚರ್ಮ ಇವು ಒಟ್ಟಿಗೆ ಕಂಡರೆ ರಾತ್ರಿ ಕಳೆಯಲೆಂದು ತಡೆಯಬಾರದು.

ಇದರ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಅನ್ಯಾಯವಾದೀತು. ಹುಡುಗನಿಗೆ ಜ್ವರದಲ್ಲಿ ಮೈಮೇಲೆ ಗಂದೆಯೆದ್ದರೆ ‘ಪೆನಿಸಿಲಿನ್ ಆಗಿಬರೂದಿಲ್ಲ’ ಎಂದು ಜನ್ಮಪರ್ಯಂತ ಹೇಳಿಕೊಳ್ಳುವ ಮನೆಗಳಿವೆ. ಹಾಗೆ ಹೇಳಿಕೊಳ್ಳುವವರನ್ನು ವಿಧಿವತ್ತಾಗಿ ಪರೀಕ್ಷಿಸಿದರೆ ನೂರರಲ್ಲಿ ಸುಮಾರು ತೊಂಬತ್ತು ಮಂದಿಗೆ ಆ ಮದ್ದು ಸರಾಗವಾಗಿ ಒಗ್ಗುತ್ತದೆ. ಒಳ್ಳೆಯ ಮದ್ದಿನ ಬಾಗಿಲನ್ನು ಊಹೆಯಿಂದ ಮುಚ್ಚುವುದೂ ರೋಗಿಗೆ ಅಪಾಯವೇ. ಆ ಪರೀಕ್ಷೆಯಾದರೂ ವೈದ್ಯರ ಕಣ್ಣೆದುರಿಗೆ ಆಗತಕ್ಕದ್ದು, ಮನೆಯಲ್ಲಲ್ಲ.

ಮದ್ದಿನಿಂದಾದ ಬಾಧೆಯನ್ನು ಸರಕಾರಕ್ಕೆ ತಿಳಿಸುವ ಏರ್ಪಾಡು ಭಾರತದಲ್ಲಿ ೨೦೧೦ರಿಂದ ಇದೆ. ಅದರ ಮುಖ್ಯ ಕಚೇರಿಯು ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗದಲ್ಲಿದೆ. ವೈದ್ಯರೇ ಅಲ್ಲ, ಮನೆಯವರೂ ತಿಳಿಸಬಹುದು. ಅದರ ನಮೂನೆಯು ಕನ್ನಡದಲ್ಲಿಯೂ ಉಂಟು. ಹಣ ಬೀಳದ ದೂರವಾಣಿ ೧೮೦೦-೧೮೦-೩೦೨೪. ನಮ್ಮವಳು ಆ ನಮೂನೆಯನ್ನು ತುಂಬಿ ಕಳುಹಿಸಿದಳು.

ಗುಳಿಗೆಯ ಮಾತಾಯಿತು; ಮೈಗೊಗ್ಗದ ರಸಾಯನಗಳು ಮನೆಯಲ್ಲಿಯೂ ಹೊಲದಲ್ಲಿಯೂ ಬೇಕಾದಷ್ಟಿವೆ. ಯುಗಾದಿಯ ಮುಂಚೆ ನನ್ನ ತಮ್ಮನು ಕೂದಲಿಗೆ ಕಪ್ಪು ಬಣ್ಣ ಹಚ್ಚಿಕೊಂಡು, ಹಬ್ಬದ ದಿನ ಕಣ್ಣು ತೆರೆಯಲಾರದಷ್ಟು ಮುಖ ಬಾತು ಕುಳಿತಿದ್ದನು. ಕಪ್ಪು ಬಣ್ಣಗಳಲ್ಲಿ ಸಾಮಾನ್ಯವಾಗಿರುವ ಪ್ಯಾರಾಫೆನಿಲೀನ್ ಡೈಅಮೀನ್ ಎಂಬುದು ಅದಕ್ಕೆ ಕಾರಣವೆಂದು ತಿಳಿಯಿತು. ನಕ್ಕವರೇ ಹೆಚ್ಚು; ಈ ಬಾಧೆಯವರನ್ನು ‘ನಾಜೂಕಿನ ಜನ’ ಎಂದು ಹಾಸ್ಯಮಾಡುವ ಚಾಳಿ ನಮ್ಮಲ್ಲಿ ಬಹಳ. ದಮ್ಮಿನವರಿಗಂತೂ ಹತ್ತಿ, ಗೋವಿನಜೋಳಗಳಿಗೆ ‘ಎಣ್ಣಿ ಹೊಡಿಯೂ’ ದಿನಗಳು ಶಿಕ್ಷೆಯೇ ಸರಿ. ‘ನಾಳೆ ಹೊಡೆಯುವವರಿದ್ದರೆ ಇವತ್ತೇ ಒಂದು ಮಾತು ತಿಳಿಸಿರಿ’ ಎಂದು ಪಕ್ಕದ ಹೊಲದವರನ್ನು ಕೇಳಿಕೊಂಡರೆ ಸಾಮಾನ್ಯವಾಗಿ ಯಾರೂ ಇಲ್ಲವೆನ್ನರು; ಕೇಳುವವರಿಲ್ಲ, ಅಷ್ಟೆ. ಆದರೆ ಹೊಡೆದು ಬಂದವನಿಗೆ ಬೆವರು ಸುರಿದು, ಜೊಲ್ಲು ಹರಿದು, ಕಣ್ಣು ಮಂಜಾದರೆ ಅದು ಒಗ್ಗದಿರುವಿಕೆಯಲ್ಲ, ವಿಷವೇರಿದ ಲಕ್ಷಣ. ಬಾಟಲಿಯ ಸಮೇತ ಆಸ್ಪತ್ರೆಗೆ ಓಡಬೇಕು.

ತಾಯಿಯವರು ಒಂಬತ್ತು ದಿನಗಳಿಗೆ ಮನೆಗೆ ಬಂದರು. ಮರುವರ್ಷ ಕಣ್ಣಿನ ಪೊರೆ ತೆಗೆಸಲು ಹೋದಾಗ, ಯಾವುದಾದರೂ ಮದ್ದು ಒಗ್ಗುವುದಿಲ್ಲವೇ ಎಂದು ದಾದಿಯು ಕೇಳಿದಳು. ಸೊಸೆ ಬಾಯಿ ತೆರೆಯುವಷ್ಟರಲ್ಲಿ ಅವರೇ ಎಲೆ-ಅಡಕೆಯ ಚೀಲದ ಗಂಟು ಬಿಚ್ಚಿ, ಸವಣೂರಿನ ಎಲೆಗಳ ಕೆಳಗಿನಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ಕೈಗಿತ್ತರು. ಅದರ ತುಂಬ ಸುಣ್ಣದ ಕಲೆ. ಊರಿಗೆ ಬಂದ ಸಂಜೆ ಸೊಸೆಯು ಅದನ್ನು ಹೊಸ ಕಾಗದದ ಮೇಲೆ ನಕಲು ಮಾಡಿ, ಹಿರೇಕೆರೂರಿಗೊಂದು, ಸವಣೂರಿಗೊಂದು, ಶಿಗ್ಗಾಂವದ ಮಾವನ ಮನೆಗೊಂದು ಪ್ರತಿಯನ್ನು ಬರೆದಳು.