ಗೋರಂಟಿಯ ಕೆಂಪು: ಆವನಿ ಪರಿಸರದ ಹಿನ್ನೆಲೆಯಲ್ಲಿ

ಮುಳಬಾಗಿಲು ತಾಲ್ಲೂಕಿನ ಆವನಿಯು ಕನ್ನಡ ಹಾಗೂ ತೆಲುಗು ಬೆರೆತು ಬಾಳುವ ಗಡಿಸೀಮೆಗೆ ಸೇರಿದುದು. ಈ ಸೀಮೆಯಲ್ಲಿ ಒಂದೇ ಎಲೆಗೆ ಕನ್ನಡದ ಗೋರಂಟಿ, ತೆಲುಗಿನ ಗೋರಿಂಟಾಕು, ದಖನಿ ಉರ್ದುವಿನ ಮೆಹಂದಿ ಎಂಬ ಹೆಸರುಗಳು ಅಕ್ಕಪಕ್ಕದಲ್ಲೇ ಬಳಕೆಯಲ್ಲಿವೆ. ಕರಾವಳಿಗೆ ಹೋದರೆ ಅದೇ ಮದರಂಗಿ. ಅಂಗೈಯ ಕೆಂಪನ್ನು ಹಿಂದೂ ಸಂಪ್ರದಾಯವೆಂದು ನಿರ್ಣಯಿಸುವ ಮುನ್ನ ಈ ಹೆಸರುಗಳನ್ನು ವಿಚಾರಿಸಬೇಕಾಗುತ್ತದೆ.

ಮುಳ್ಳುಗೋರಂಟಿ ಎಂಬ ಬೇರೆಯೇ ಗಿಡವೊಂದಿದೆ. ಅದರ ಎಲೆ ಬಣ್ಣ ಬಿಡುವುದಿಲ್ಲ. ಇನ್ನು ಪ್ರಾಚೀನ ಕಾವ್ಯಗಳ ನಾಯಕಿಯರು ಪಾದಕ್ಕೆ ಹಚ್ಚುತ್ತಿದ್ದ ಅಲತಿಗೆಯಾದರೋ ಅರಗಿನಿಂದ ತೆಗೆದ ಬಣ್ಣ. ಎಂದರೆ, ಗಿಡ ಬದಲಾಗಬಹುದು, ಹೆಸರು ಬದಲಾಗಬಹುದು. ಸ್ತ್ರೀಯರು ಉಳಿಸಿಕೊಂಡು ಬಂದದ್ದು ಕೆಂಪನ್ನು. ಮತಧರ್ಮಗಳ ಗೆರೆಯನ್ನೂ ಅದು ಅಷ್ಟಾಗಿ ಲೆಕ್ಕಿಸಿಲ್ಲ.

ಕೋನ್ ಬರುವ ಮುನ್ನ ಇಲ್ಲಿನ ಮನೆಗಳಲ್ಲಿ ಬಳ್ಳಿ-ನವಿಲುಗಳ ಸೂಕ್ಷ್ಮ ಚಿತ್ತಾರ ಪ್ರಧಾನವಾಗಿರಲಿಲ್ಲ. ಹಸಿ ಎಲೆಯನ್ನು ಹುಣಸೆಹಣ್ಣಿನೊಡನೆ ನುಣ್ಣಗೆ ಅರೆದು, ಬೆರಳ ತುದಿಗಳಿಗೆ ಟೋಪಿಯಂತೆ ತೊಡಿಸಿ, ಅಂಗೈ ನಡುವೆ ದುಂಡನೆಯ ಬೊಟ್ಟಿಡುವುದೇ ಕ್ರಮ. ಹುಳಿಯ ನೆರವಿನಿಂದ ಎಲೆಯ ವರ್ಣದ್ರವ್ಯವಾದ ಲಾಸೋನ್ ಹೊರಬಂದು ಚರ್ಮದ ಕೆರಾಟಿನ್‌ನೊಡನೆ ಬೆಸೆಯುತ್ತದೆ. ಮೊದಲು ಕಿತ್ತಳೆಯಾಗಿ ಕಂಡದ್ದು ಒಂದೆರಡು ದಿನಗಳಲ್ಲಿ ಗಾಢವಾಗುತ್ತದೆ. ಚರ್ಮ ದಪ್ಪವಿದ್ದಷ್ಟೂ ಕೆಂಪು ಹೆಚ್ಚು. ಚೆನ್ನಾಗಿ ಕೆಂಪೇರಿದರೆ ಗಂಡನ ಪ್ರೀತಿ ಹೆಚ್ಚೆಂಬ ನಂಬಿಕೆಯನ್ನು ಒಪ್ಪುವುದಾದರೆ, ಕಳೆ ಕಿತ್ತು ಜಡ್ಡುಗಟ್ಟಿದ ಕೈಯ ಹೆಣ್ಣೇ ಅತ್ಯಂತ ಭಾಗ್ಯವಂತೆಯಾಗಬೇಕು!

ತೆಲುಗು ಮನೆಗಳಲ್ಲಿ ಆಷಾಢಮಾಸದಲ್ಲಿ ಗೋರಿಂಟಾಕು ಇಟ್ಟುಕೊಳ್ಳುವುದು ವಾಡಿಕೆ. ಮದುವೆ, ಹಬ್ಬಗಳ ಮಾತು ಹೇಳಬೇಕಾಗಿಯೇ ಇಲ್ಲ. ಮದುವೆಯಾಗದ ಹುಡುಗಿಗೂ ಇದಕ್ಕೆ ಅಡ್ಡಿಯಿಲ್ಲ. ವಿಧವೆಗೆ ಮಾತ್ರ ಸಂಪ್ರದಾಯವು ಇದನ್ನು ನಿರಾಕರಿಸುತ್ತ ಬಂದಿದೆ. ಆದುದರಿಂದ ಗೋರಂಟಿಯನ್ನು ಕೇವಲ ವಿವಾಹದ ಗುರುತೆಂದು ವಿವರಿಸುವುದು ಸಾಲದು. ಅದು ಎಳೆದ ಗೆರೆ ವೈಧವ್ಯದ ಬಳಿಯಲ್ಲಿದೆ.

ಆವನಿಯ ಸ್ಥಳಪುರಾಣವು ಈ ಗೆರೆಯನ್ನು ಇನ್ನಷ್ಟು ಜಟಿಲಗೊಳಿಸುತ್ತದೆ. ಪತಿ ತೊರೆದ ಸೀತೆ ವಾಲ್ಮೀಕಿಯ ಆಶ್ರಯದಲ್ಲಿ ಲವಕುಶರನ್ನು ಹೆತ್ತದ್ದು ಇಲ್ಲಿಯೇ ಎಂಬುದು ಪ್ರತೀತಿ. ಬೆಟ್ಟದ ಕೆಳಗೆ ರಾಮಲಿಂಗೇಶ್ವರ ದೇಗುಲಗಳ ಸಮೂಹ, ಮೇಲೆ ಸೀತೆಯ ಗುಡಿ. ಸಂತಾನ ಬೇಡುವ ಹೆಂಗಸರು ಹತ್ತುವುದು ಸೀತೆಯ ಬಳಿಗೆ. ಗಂಡನಿದ್ದೂ ಗಂಡನಿಲ್ಲದ ಆ ಬಾಣಂತಿಯ ಕೈಗೆ ಕೆಂಪು ಸಲ್ಲುತ್ತದೆಯೋ ಇಲ್ಲವೋ ಎಂಬ ಪ್ರಶ್ನೆಗೆ ಶಾಸ್ತ್ರದ ಉತ್ತರ ಏನೇ ಇರಲಿ, ಬೆಟ್ಟವೇರುವ ಹೆಂಗಸರು ಅವಳನ್ನು ಅಮಂಗಳೆಯೆಂದು ಎಣಿಸಿಲ್ಲ.