ಮಗಳಿಗೆ ಫಿಟ್ಟರ್ ತರಬೇತಿ ಏಕಾಗಬಾರದು?

ಹತ್ತನೆಯ ತರಗತಿಯ ಫಲಿತಾಂಶ ಪ್ರಕಟವಾದೊಡನೆ ಮುಂಬಯಿಯ ಕನ್ನಡ ಕುಟುಂಬಗಳಲ್ಲಿ ಮುಂದಿನ ಓದಿನ ಚರ್ಚೆ ಆರಂಭವಾಗುತ್ತದೆ. ಮಗನಿಗೆ ಐಟಿಐ ಸೂಚಿಸಿದರೆ ಯಾರೂ ಬೆರಗಾಗುವುದಿಲ್ಲ. ಮಗಳಿಗೂ ಅದನ್ನೇ ಸೂಚಿಸಿದರೆ "ಹೊಲಿಗೆಯೇ?" ಎಂಬ ಮರುಪ್ರಶ್ನೆ ಬರುತ್ತದೆ. ಹೊಲಿಗೆಯನ್ನು ನಾವು ಹಗುರವಾಗಿ ಕಾಣುವವರಲ್ಲ. ಆದರೆ ತೆರೆದಿರುವ ಬಾಗಿಲು ಅದೊಂದೇ ಅಲ್ಲ.

ಸರ್ಕಾರಿ ಐಟಿಐಗಳಲ್ಲಿ ಮಹಿಳೆಯರಿಗೆ ಶೇಕಡ 30ರಷ್ಟು ಸ್ಥಾನಗಳನ್ನು ಕಾದಿರಿಸುವ ವ್ಯವಸ್ಥೆಯಿದೆ. ಫಿಟ್ಟರ್, ಎಲೆಕ್ಟ್ರಿಷಿಯನ್ ತರಬೇತಿ ಎರಡು ವರ್ಷಗಳದ್ದು, ವೆಲ್ಡರ್ ಒಂದು ವರ್ಷದ್ದು. ಬಳಿಕ 1961ರ ಅಪ್ರೆಂಟಿಸ್ ಕಾಯಿದೆಯನ್ವಯ ಕಾರ್ಖಾನೆಯೊಡನೆ ಕರಾರು ಮಾಡಿಕೊಂಡು, ಮಾಸಿಕ ಭತ್ಯೆ ಪಡೆಯುತ್ತ ಯಂತ್ರದ ಮುಂದೆಯೇ ನಿಂತು ಕಲಿಯಬಹುದು. 30 ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿಯಿರುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ.

ಹಾಗಿದ್ದೂ ಹುಡುಗಿಯರು ಅಲ್ಲಿ ವಿರಳವಾದುದೇಕೆ? ಹೆತ್ತವರ ಅಳುಕೊಂದೇ ಕಾರಣವಲ್ಲ. 1948ರ ಕಾರ್ಖಾನೆ ಕಾಯಿದೆಯು ಮಹಿಳೆಯರ ದುಡಿಮೆಯನ್ನು ಸಾಮಾನ್ಯವಾಗಿ ಬೆಳಗಿನ 6ರಿಂದ ಸಂಜೆ 7ರವರೆಗಿನ ಅವಧಿಗೆ ಸೀಮಿತಗೊಳಿಸಿತ್ತು. ಮೂರು ಪಾಳಿ ನಡೆಸುವ ಮಾಲೀಕನಿಗೆ, ಒಂದೇ ಪಾಳಿಗೆ ಒದಗುವ ಕೆಲಸಗಾರ್ತಿಗಿಂತ ಮೂರಕ್ಕೂ ಒದಗುವ ಗಂಡಾಳು ಅನುಕೂಲವಾಗಿ ಕಂಡ. ರಕ್ಷಣೆಗೆಂದು ಬರೆದ ನಿಯಮವೇ ಬಾಗಿಲಿಗೆ ಅಗಳಿಯಾಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಎಲ್ಲ ಬಗೆಯ ಕೆಲಸಗಳಲ್ಲಿಯೂ ಮಹಿಳೆಯರ ನೇಮಕಕ್ಕೆ ಅವಕಾಶ ನೀಡಿವೆ. ರಾತ್ರಿ ಪಾಳಿಗೆ ಆಕೆಯ ಸಮ್ಮತಿ ಬೇಕು, ಸುರಕ್ಷತೆಯ ಏರ್ಪಾಡು ಬೇಕು.

ರೈಲಿನ ಎಂಜಿನ್ ಕಾರ್ಖಾನೆಯಲ್ಲ; ಅಲ್ಲಿ ಈ ಅಗಳಿ ಇರಲಿಲ್ಲ. ಸಾತಾರದ ಸುರೇಖಾ ಯಾದವ್ ಕರಾಡದಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ, 1989ರಲ್ಲಿ ಮಧ್ಯ ರೈಲ್ವೆಯ ಸಹಾಯಕ ಚಾಲಕಿಯಾದರು. ಘಟ್ಟದ ದಾರಿಯಲ್ಲಿ ಡೆಕ್ಕನ್ ಕ್ವೀನ್ ನಡೆಸಿದರು. 2023ರಲ್ಲಿ ಸೊಲ್ಲಾಪುರದಿಂದ ಮುಂಬಯಿಗೆ ವಂದೇ ಭಾರತ್ ತಂದವರೂ ಅವರೇ. 2025ರ ಸೆಪ್ಟೆಂಬರಿನಲ್ಲಿ ನಿವೃತ್ತರಾದರು. ನಮ್ಮಲ್ಲಿ ಎಷ್ಟೋ ಮಂದಿ ತಿಳಿಯದೆಯೇ ಅವರ ರೈಲಿನಲ್ಲಿ ಪಯಣಿಸಿದ್ದೇವೆ!

ಕೇಂದ್ರ ಸರ್ಕಾರವು ಮಹಿಳೆಯರಿಗಾಗಿಯೇ ನಡೆಸುವ ಕೌಶಲ ತರಬೇತಿ ಸಂಸ್ಥೆಗಳು ಮುಂಬಯಿಯಲ್ಲಿಯೂ ಬೆಂಗಳೂರಿನಲ್ಲಿಯೂ ಇವೆ, ಅಲ್ಲಿ ವಿಚಾರಿಸಬಹುದು. ಕಾರ್ಖಾನೆಯ ಕರಾರಿಗೆ ಸಹಿ ಹಾಕುವ ಮುನ್ನ ಮಾತ್ರ ಹೆತ್ತವರು ಒಮ್ಮೆ ಆವರಣದೊಳಗೆ ಹೋಗಿ ನೋಡಿ ಬರಬೇಕೆಂದು ನಮ್ಮ ಸಲಹೆ. ಮಹಿಳೆಯರ ಶೌಚಾಲಯ ಮತ್ತು ಉಡುಪು ಬದಲಿಸುವ ಕೋಣೆ ಯಂತ್ರಶಾಲೆಯ ಬಳಿಯೇ ಇವೆಯೇ, ಅಥವಾ ದೂರದ ಆಡಳಿತ ಕಚೇರಿಯಲ್ಲಿ ಮಾತ್ರವೇ ಎಂಬುದನ್ನು ಕೇಳಿ ತಿಳಿಯಿರಿ.